ಡಬ್ಬಿಗೆ ತುಂಬಿದ ದೇಶಗಳು

ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ನಮ್ಮದಲ್ಲದ ಪಾತ್ರೆಗಳು ಯಾವಾಗಲೂ ನಾಲ್ಕೈದಾದರೂ ಇರುತ್ತವೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತವೆ, ಬೇಕಾದರೆ ಎದ್ದುಹೋಗಿ ನೋಡಿ. ಯಾರೋ ಹೋಳಿಗೆ ತುಂಬಿ ಕಳಿಸಿದ ಡಬ್ಬಿ, ಅದರ ಮುಚ್ಚಳ ಮಾತ್ರ ಇನ್ಯಾರದೋ. ಪಾತ್ರೆಗಳ ಮೇಲೆ ಹೆಸರು ಕೊರೆಸುವ ಪದ್ಧತಿ ಬಂದಿರುವುದೇ ಇದಕ್ಕಾಗಿ ಇರಬೇಕು. ನಮ್ಮ ಮದುವೆಯಲ್ಲಿ ಶಿಗ್ಲಿಯ ಮಾವನವರು ಕೊಟ್ಟ ಗಂಗಾಳದ ಮೇಲೆ ಮಗಳ ಹೆಸರು, ತಮ್ಮ ಹೆಸರು, ಊರು, ತಾರೀಖು ಎಲ್ಲ ಕೊರೆಸಿದ್ದರು. ಅಳಿಯನ ಹೆಸರಿಗೆ ಜಾಗ ಸಾಲಲಿಲ್ಲವಂತೆ. ಮೂವತ್ತೆಂಟು ವರ್ಷದಿಂದ ನಾನು ಅದರಲ್ಲೇ ಉಣ್ಣುತ್ತಿದ್ದೇನೆ, ಒಂದು ದಿನವೂ ತಕರಾರು ತೆಗೆದಿಲ್ಲ.

ಸದ್ಯಕ್ಕೆ ಶೆಲ್ಫಿನಲ್ಲಿರುವುದು ಎದುರು ಮನೆಯ ನೀಲಕ್ಕನ ಡಬ್ಬಿ. ಅಗಲವಾದ ಸ್ಟೀಲಿನ ಡಬ್ಬಿ, ಮಡಿಸಿದ ರೊಟ್ಟಿ ಆರು ಹಿಡಿಯುತ್ತವೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಆಕೆಯ ಮನೆಯಲ್ಲಿ ಇನ್ನೂ ಎರಡು ಕೈಮಗ್ಗ ಓಡುತ್ತವೆ. ಗಂಡ ಹೆಂಡತಿ ಇಬ್ಬರೂ ಸೀರೆ ನೇಯುತ್ತಾರೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಆದರೆ ಓಣಿಗೆಲ್ಲ ಅಕ್ಕ ಆಗಿರುವುದರಿಂದ ನನಗೂ ಅಕ್ಕ. ಮುಂಡರಗಿಯ ತವರುಮನೆಯಲ್ಲಿ ಮದುವೆ ಇದೆ ಎಂದು ಹೋಗಿ ನಾಲ್ಕು ದಿನವಾಯಿತು. ಡಬ್ಬಿ ನಮ್ಮಲ್ಲೇ ಉಳಿದಿದೆ. ಅದನ್ನು ಕಂಡಾಗಲೆಲ್ಲ ಕಳೆದ ಮೂರು ತಿಂಗಳಲ್ಲಿ ಅದರೊಳಗೆ ನಾನು ಏನೇನು ತುಂಬಿದೆ ಎಂಬುದು ನೆನಪಾಗುತ್ತದೆ. ನಾಚಿಕೆಯೂ ಆಗುತ್ತದೆ.

ಮೊದಲಿನಿಂದ ಹೇಳಬೇಕೆಂದರೆ, ದೀಪಾವಳಿ ಮುಗಿದ ವಾರ ನನ್ನ ಹೆಂಡತಿ ಶಾಂತಾ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ಎಲುಬು ಸರಿಯಾಗಿ ಕೂಡಿದೆ ಎಂದು ಡಾಕ್ಟರು ಫೋಟೋ ತೋರಿಸಿದರು, ಹಿಚುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟರು. ಎಲುಬೇನೋ ಕೂಡಿತು, ಕೈ ತಿರುಗುತ್ತಿರಲಿಲ್ಲ. ಚೆಂಡು ಎರಡೇ ದಿನದಲ್ಲಿ ಮಂಚದ ಕೆಳಗೆ ಉರುಳಿಹೋಯಿತು, ಆಕೆ ಹುಡುಕಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಆಕೆ ಅಡುಗೆಮನೆಗೆ ಬರಲಿಲ್ಲ. ನನಗಿದ್ದದ್ದು ಇದೊಂದೇ ಚಿಂತೆ. ಊಟದ ಚಿಂತೆಯಲ್ಲ, ಅದು ಹೇಗೋ ಆಗುತ್ತದೆ. ಈಕೆ ಹೀಗೆಯೇ ಹೊರಗಿನ ಕೋಣೆಯಲ್ಲಿ ಟಿವಿಯ ಮುಂದೆ ಕುಳಿತು ತನ್ನ ಮನೆಯಲ್ಲಿ ತಾನೇ ಬೀಗತಿಯಂತೆ ಉಳಿದುಬಿಟ್ಟರೆ ಏನು ಗತಿ ಎಂಬ ಚಿಂತೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ತಕೋಟಿಯಿಂದ ನಮ್ಮವ್ವ ಕನ್ಯೆ ನೋಡಲು ಶಿಗ್ಲಿಗೆ ಹೋದಾಗ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಸೀದಾ ಒಳಗೆ ಹೋಗಿ ಹುಡುಗಿಯನ್ನು ಜೋಳದ ಹಿಟ್ಟಿನ ಪರಾತದ ಮುಂದೆ ಕೂಡಿಸಿದಳು. ನಾನು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಕುಳಿತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ಒಂದೇ ಸಮನೆ, ಎಲ್ಲೂ ತಪ್ಪದೆ. ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡುವ ಮುಂಚೆಯೇ ನಮ್ಮವ್ವ ಹೊರಗೆ ಬಂದು, ‘ಆತು, ತಾರೀಖ ನೋಡ್ರಿ’ ಎಂದುಬಿಟ್ಟಿದ್ದಳು.

ಅಂಥ ಕೈ ಮುರಿದಿದೆ ಎಂದು ತಿಳಿದ ದಿನವೇ ನೀಲಕ್ಕ ಆರು ರೊಟ್ಟಿ, ಒಂದಿಷ್ಟು ಪಲ್ಯ ತಂದುಕೊಟ್ಟಳು. ಮರುದಿನ ಮತ್ತೆ ತಂದಳು. ಬೇಡವೆಂದರೂ ಕೇಳಲಿಲ್ಲ.

‘ಡಬ್ಬಿ ಖಾಲಿ ಕೊಡಬ್ಯಾಡ್ರಿ,’ ಎಂದಳು ಶಾಂತಾ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು.

ಈ ನಿಯಮ ನನಗೂ ಗೊತ್ತಿತ್ತು. ಮೊದಲ ದಿನ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ. ಮರುದಿನ ಬಾಳೆಹಣ್ಣು, ಅದರ ಮರುದಿನ ಬಿಸ್ಕಿಟ್. ನಾಲ್ಕನೆಯ ದಿನ ಶಾಂತಾ ತಡೆದಳು.

‘ದಿನಾ ಅಂಗಡಿ ಸಾಮಾನ ಹಾಕಿ ಕೊಟ್ರ ಅದು ರೊಟ್ಟಿಗೆ ರೊಕ್ಕ ಕೊಟ್ಟಂಗ ಆಗತೈತಿ. ಮನ್ಯಾಗ ಮಾಡಿದ್ದ ಏನರ ಹಾಕ್ರಿ.’

‘ಮನ್ಯಾಗ ಮಾಡವ್ರ ಯಾರು?’ ಎಂದೆ ನಾನು.

ಅಂದಮೇಲೆ ತಿಳಿಯಿತು, ಅನ್ನಬಾರದಿತ್ತು. ಆಕೆ ಒಮ್ಮೆ ಪ್ಲಾಸ್ಟರಿನ ಕಡೆಗೆ ನೋಡಿ ಆಮೇಲೆ ಟಿವಿಯ ಕಡೆಗೆ ತಿರುಗಿದಳು. ನನಗೆ ಕೆಟ್ಟೆನಿಸಿ ಅಡುಗೆಮನೆಗೆ ಹೋದೆ.

ನನ್ನ ಪಾಕಶಾಸ್ತ್ರದ ಬಗ್ಗೆ ಇಲ್ಲಿ ಎರಡು ಮಾತು ಹೇಳಿದರೆ ಸಾಕು, ಏಕೆಂದರೆ ಹೇಳಲು ಅದಕ್ಕಿಂತ ಹೆಚ್ಚಿಲ್ಲ. ಚಹಾ ಮಾಡುತ್ತಿದ್ದೆ. ಅದನ್ನು ಕುಡಿದ ಶಾಂತಾ ‘ಪಾತ್ರಿ ತೊಳದ ನೀರ ಇದಕ್ಕಿಂತ ದಪ್ಪ ಇರತೈತಿ’ ಎನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಒಲೆಯ ಮುಂದೆ ಕುಳಿತರೆ ಮೀಸೆ ಬರುವುದಿಲ್ಲ ಎಂದು ನಮ್ಮವ್ವ ಹೆದರಿಸುತ್ತಿದ್ದಳು. ಹೀಗಾಗಿ ನನಗೆ ಮೀಸೆ ಬಂದಿತು, ಅಡುಗೆ ಬರಲಿಲ್ಲ. ಒಲೆಯಿಂದ ದೂರ ಕುಳಿತು ರೊಟ್ಟಿಯನ್ನು ಅಂಚಿನಿಂದ ಕಚ್ಚುತ್ತ ಕಚ್ಚುತ್ತ ಅದನ್ನು ಆಫ್ರಿಕಾ ಖಂಡದ ಆಕಾರಕ್ಕೆ ತರುವುದು ನನ್ನ ಆಟವಾಗಿತ್ತು. ಶಾಲೆಯಲ್ಲಿ ನಕಾಶೆ ತೋರಿಸಿದ ಮೇಲೆ ಹಿಡಿದ ಹುಚ್ಚು. ದಕ್ಷಿಣ ಅಮೆರಿಕ ಸುಲಭ, ಯುರೋಪ್ ಯಾವತ್ತೂ ಸಾಧಿಸಲಿಲ್ಲ. ತಿನ್ನುವ ಅನ್ನದ ಜೊತೆ ಆಟವಾಡುತ್ತೀಯಾ ಎಂದು ಅವ್ವ ಬೆನ್ನಿಗೆ ಒಂದು ಕೊಟ್ಟಾಗ ಆಫ್ರಿಕಾವನ್ನು ಒಂದೇ ತುತ್ತಿಗೆ ನುಂಗುತ್ತಿದ್ದೆ.

ಅವತ್ತು ಉಪ್ಪಿಟ್ಟು ಮಾಡಿ ಡಬ್ಬಿಗೆ ತುಂಬಿ ಕೊಟ್ಟೆ. ಮರುದಿನ ರೊಟ್ಟಿ ತಂದ ನೀಲಕ್ಕ ಬಾಗಿಲಲ್ಲೇ ನಿಂತು ಹೇಳಿದಳು:

‘ಉಪ್ಪಿಟ್ಟು ಅಡ್ಡಿಯಿಲ್ರಿ ಸರ. ಅಕ್ಕಾರ ಮಾಡತಿದ್ರಲ್ಲ, ಉದುರುದುರು, ಹಂಗ ಆಗಿದ್ದಿಲ್ಲ ಅಷ್ಟ. ಅಕ್ಕಾರ ಕೈರುಚಿನ ಬ್ಯಾರೆ ಇತ್ತ ಬಿಡ್ರಿ.’

ಹೊಗಳಿಕೆಯ ಮಾತೇ ಸರಿ. ಆದರೆ ಒಳಗೆ ಕುಳಿತವಳಿಗೆ ಅದು ಕೇಳಿಸಿತು. ಮಾಡುತ್ತಿದ್ದರು, ಇತ್ತು. ಬದುಕಿ ಕುಳಿತವಳ ಕೈರುಚಿಯನ್ನು ಇತ್ತು ಎಂದು ಹೇಳಿದರೆ ಹೇಗಾಗಬೇಡ? ನೀಲಕ್ಕನ ತಪ್ಪಿಲ್ಲ. ನಾನು ಮಾಡುವ ಉಪ್ಪಿಟ್ಟು, ಚಿತ್ರಾನ್ನ, ಝುಣಕ ಯಾವುದೇ ಆದರೂ ಅದರ ಪಕ್ಕದಲ್ಲಿ ಶಾಂತಾಳ ಅಡುಗೆ ಬಂದು ನಿಲ್ಲುವುದೇ. ಹಾಗಾದರೆ ಆಕೆ ಎಂದೂ ಮಾಡದೇ ಇದ್ದದ್ದನ್ನೇ ಮಾಡಬೇಕು ಎಂದು ನಿಶ್ಚಯಿಸಿದೆ. ಹೋಲಿಸಲು ಏನೂ ಇರಬಾರದು. ಆಕೆ ಮಾಡದೇ ಇದ್ದದ್ದು ಏನು ಎಂದು ಯೋಚಿಸುತ್ತ ಹೋದರೆ ಗದಗ ಜಿಲ್ಲೆ ದಾಟಿತು, ಕರ್ನಾಟಕ ದಾಟಿತು, ಕೊನೆಗೆ ದೇಶವನ್ನೇ ದಾಟಬೇಕಾಯಿತು. ಅದರಲ್ಲಿ ನನಗೆ ಇನ್ನೊಂದು ಅನುಕೂಲವೂ ಕಂಡಿತು. ಪರದೇಶದ ಅಡುಗೆ ಹೇಗಿರಬೇಕೆಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಕೆಟ್ಟಿದೆ ಎನ್ನಲು ಯಾರಿಗೂ ಬಾರದು.

ದೇಶಗಳ ಬಗ್ಗೆ ನನಗೆ ಸ್ವಲ್ಪ ಅಹಂಕಾರವೂ ಇತ್ತೆನ್ನಿ. ಮುಂಡರಗಿ, ಲಕ್ಷ್ಮೇಶ್ವರ, ಕೊನೆಗೆ ಗದಗ ಎಂದು ಹೈಸ್ಕೂಲುಗಳಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಒಮ್ಮೆ ಲಕ್ಷ್ಮೇಶ್ವರದಲ್ಲಿ ಒಬ್ಬ ಹುಡುಗಿ ಎದ್ದು, ‘ಈಜಿಪ್ಟಿನ ಮಂದಿ ಏನ ತಿಂತಾರ್ರಿ ಸರ?’ ಎಂದು ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. ಮಾಸ್ತರನಾದವನು ಹಾಗೆ ಹೇಳಲಾದೀತೇ? ‘ಅಲ್ಲಿ ಉತ್ತಮ ದರ್ಜೆಯ ಹತ್ತಿ ಬೆಳೆಯುತ್ತದೆ’ ಎಂದೆ. ‘ಹತ್ತಿ ತಿಂತಾರೇನ್ರಿ?’ ಎಂದಳು. ಇಡೀ ತರಗತಿ ನಕ್ಕಿತು. ಆ ಸಾಲ ತೀರಿಸಲೆಂದೇ ಮೊದಲಿಗೆ ಈಜಿಪ್ಟನ್ನು ಆರಿಸಿಕೊಂಡೆ.

ಮೊಬೈಲಿನಲ್ಲಿ ನೋಡಿದರೆ ಅವರ ರಾಷ್ಟ್ರೀಯ ತಿನಿಸು ಕೊಶರಿ. ಅನ್ನ, ಚನ್ನಂಗಿಬೇಳೆ, ಮೆಕ್ರೋನಿ, ಕಡಲೆಕಾಳು, ಅದರ ಮೇಲೆ ಟೊಮೆಟೊದ ಹುಳಿ ಗೊಜ್ಜು, ಅದರ ಮೇಲೆ ಕಂದು ಬಣ್ಣಕ್ಕೆ ಕರಿದ ಉಳ್ಳಾಗಡ್ಡಿ. ಮೆಕ್ರೋನಿ ತರಲು ಮರೆತಿದ್ದೆ. ಬೇಸಿಗೆಯಲ್ಲಿ ಶಾಂತಾ ಮಾಡಿ ಒಣಗಿಸಿಟ್ಟ ಶ್ಯಾವಿಗೆ ಇತ್ತು, ಅದನ್ನೇ ಬಸಿದು ಮೇಲೆ ಹರವಿದೆ. ನೋಡಲು ಚೆನ್ನಾಗಿಯೇ ಇತ್ತು.

ಮರುದಿನ ನೀಲಕ್ಕ ಸಂಕೋಚದಿಂದ ಕೇಳಿದಳು: ‘ಸರ, ಶ್ಯಾವಿಗಿಗೆ ಉಳ್ಳಾಗಡ್ಡಿ ಯಾಕ ಹಾಕಿದ್ರಿ?’

‘ಯಾಕ, ಏನಾತು?’

‘ಏನಿಲ್ರಿ. ಶ್ಯಾವಿಗಿ ಐತೆಲ್ಲ ಅಂತ ನಾವು ಹಾಲು ಸಕ್ಕರಿ ಹಾಕಿ ಕಲಿಸಿದ್ವಿ. ಹಾಲು ಒಡದ ಹೋತು. ನಮ್ಮನಿಯವ್ರು, ಮಾಸ್ತರ ಕೈಲೆ ಮಾಡಿ ಕೊಟ್ಟಾರ, ಚೆಲ್ಲಬಾರದು ಅಂತ ಹಂಗ ತಿಂದ್ರು.’

ತಪ್ಪು ಅವರದೆಂದು ಹೇಗೆ ಹೇಳಲಿ? ಬಸಿದ ಶ್ಯಾವಿಗೆಗೆ ಹಾಲು ಸಕ್ಕರೆ ಹಾಕದೆ ಇನ್ನೇನು ಹಾಕುವುದು? ಅವತ್ತಿನಿಂದ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸತೊಡಗಿದೆ. ದೇಶದ ಹೆಸರು, ರಾಜಧಾನಿ, ತಿನ್ನುವ ವಿಧಾನ. ನಿವೃತ್ತನಾದರೂ ಕಲಿಸುವ ಚಟ ಎಲ್ಲಿ ಬಿಡುತ್ತದೆ.

ಹಂಗೇರಿಯದು ಗೂಲಾಶ್, ಮಾಂಸದ ಸಾರು. ನಮ್ಮ ಮನೆಯಲ್ಲಿ ಮಾಂಸ ಬರುವುದಿಲ್ಲ. ಮಾಂಸದ ಬದಲು ಬದನೆಕಾಯಿ ಹಾಕಿದೆ, ಅವರ ಕೆಂಪು ಮೆಣಸಿನಪುಡಿಯ ಬದಲು ಬ್ಯಾಡಗಿ ಖಾರ. ಅದು ಬುಡಾಪೆಸ್ಟಿನಿಂದ ಹೊರಟು ನಮ್ಮ ಹಿತ್ತಲಿಗೇ ಬಂದು ನಿಂತಿತು. ಆದರೂ ಚೀಟಿಯಲ್ಲಿ ಹಂಗೇರಿ ಎಂದೇ ಬರೆದೆ. ಮಧ್ಯ ಅಮೆರಿಕದಲ್ಲಿ ಅನ್ನಕ್ಕೆ ಕಾಳು ಬೆರೆಸಿ ಮಾಡುವ ಗಾಯೊ ಪಿಂತೊ ಎಂಬುದಿದೆ. ಎರಡು ದೇಶಗಳು ಅದನ್ನು ತನ್ನದು ತನ್ನದು ಎಂದು ಜಗಳಾಡುತ್ತವಂತೆ. ಅಲಸಂದಿ ಹಾಕಿ ಮಾಡಿದೆ. ಆ ಹೆಸರಿನ ಅರ್ಥ ಚುಕ್ಕೆಯ ಹುಂಜ. ಅದರಲ್ಲಿ ಹುಂಜವೂ ಇಲ್ಲ, ಕೋಳಿಯೂ ಇಲ್ಲ, ಆದರೂ ಅರ್ಥವನ್ನು ಚೀಟಿಯಲ್ಲಿ ಬರೆಯುವ ಧೈರ್ಯವಾಗಲಿಲ್ಲ. ‘ಇದ ಒಂದು ಚಲೋ ಆಗಿತ್ತ ನೋಡ್ರಿ ಸರ, ಖರೇನ,’ ಎಂದಳು ನೀಲಕ್ಕ. ಉಳಿದವು ಹೇಗಿದ್ದವೆಂದು ಇದರಿಂದ ತಿಳಿಯಿತು.

ಇಷ್ಟೆಲ್ಲದರಲ್ಲಿ ಶಾಂತಾ ಏನೆನ್ನುತ್ತಿದ್ದಳು? ಪ್ರತಿಯೊಂದನ್ನೂ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ‘ಹೆಂಗಾಗೈತಿ?’ ಎಂದರೆ ‘ಚಲೋ ಆಗೈತಿ’ ಎನ್ನುತ್ತಿದ್ದಳು. ಈಜಿಪ್ಟಿಗೂ ಅದೇ, ಹಂಗೇರಿಗೂ ಅದೇ. ಮೊದಮೊದಲು ನಾನು ಹಿಗ್ಗಿದೆ. ನನ್ನ ಚಹಾಕ್ಕೆ ಅಷ್ಟು ಮಾತು ಆಡಿದವಳು ಈಗ ಮೆಚ್ಚುತ್ತಿದ್ದಾಳೆಂದರೆ ಕೈ ಕುದುರಿರಬೇಕು ಎಂದುಕೊಂಡೆ. ಒಂದು ದಿನ ಬಟಾಟೆ ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ನನಗೆ ಎರಡನೆಯ ಚಮಚ ಇಳಿಯಲಿಲ್ಲ. ಆಕೆ ಪೂರ್ತಿ ಉಂಡು, ‘ಚಲೋ ಆಗೈತಿ’ ಎಂದು ಬಟ್ಟಲು ಕೆಳಗಿಟ್ಟಳು. ಆಗ ನಿಜಕ್ಕೂ ಹೆದರಿದೆ. ಉಪ್ಪಿಲ್ಲ ಎಂದು ಹೇಳುವಷ್ಟೂ ಆಕೆಗೆ ಈ ಅಡುಗೆಮನೆ ತನ್ನದೆನಿಸುತ್ತಿಲ್ಲ.

ಲಕ್ಷ್ಮೇಶ್ವರದಿಂದ ಮಗಳು ಸುಮಾ ಬಂದಳು. ಬರುವಾಗ ಕರೆಂಟಿನ ಮೇಲೆ ರೊಟ್ಟಿ ಒತ್ತುವ ಯಂತ್ರ ತಂದಿದ್ದಳು. ‘ಅವ್ವಾ, ಇನ್ನ ನೀ ಹಿಟ್ಟಿಗೆ ಕೈ ಹಚ್ಚೂದ ಬ್ಯಾಡ. ಜೀವಾ ಸವದದ್ದು ಸಾಕು, ಆರಾಮ ಕುಂಡ್ರು,’ ಎಂದಳು. ಪ್ರೀತಿಯ ಮಾತು. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಮಗಳು ಬಸ್ಸು ಹತ್ತಿದ ಮೇಲೆ ಶಾಂತಾ ಆ ಯಂತ್ರದ ಮೇಲೆ ಒಂದು ಟವೆಲ್ ಹೊದಿಸಿದಳು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಈ ಮೂರು ತಿಂಗಳಲ್ಲಿ ಆಕೆ ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಬಂದದ್ದುಂಟು. ಒಂದು ಸಲ ಹಾಲು ಉಕ್ಕಿದ ವಾಸನೆಗೆ, ಇನ್ನೊಂದು ಸಲ ಸುಮ್ಮನೆ. ಎರಡೂ ಸಲ ನಾನು, ‘ನೀ ಯಾಕ ಎದ್ದಿ? ನಾ ಅದೀನಲ್ಲ, ಕುಂಡ್ರ ಹೋಗು,’ ಎಂದೆ. ಆಕೆ ಹೋಗಿ ಕುಳಿತಳು. ಹೆಂಡತಿ ಅಡುಗೆಮನೆಗೆ ಬರುತ್ತಿಲ್ಲವೆಂದು ಕೊರಗುತ್ತಿದ್ದವನು ಅದೇ ಬಾಗಿಲಲ್ಲಿ ಚಮಚ ಹಿಡಿದು ಕಾವಲು ನಿಂತಿದ್ದೆ. ಇದು ನನಗೆ ತಿಳಿದದ್ದು ಇವತ್ತು.

ನೀಲಕ್ಕ ಊರಿಗೆ ಹೋದದ್ದರಿಂದ ರೊಟ್ಟಿ ಬರುವುದು ನಿಂತಿತು. ಮೂರು ದಿನ ಸ್ಟೇಶನ್ ಕಡೆಯ ಅಂಗಡಿಯಿಂದ ತಂದೆ. ಜೊತೆಗೆ ನನ್ನ ಮುಂದಿನ ದೇಶದ ತಯಾರಿಯೂ ನಡೆದಿತ್ತು. ಇಥಿಯೋಪಿಯಾದ ಇಂಜೆರಾ. ತೆಳ್ಳಗೆ ಕಲಸಿದ ಹಿಟ್ಟನ್ನು ಮೂರ್ನಾಲ್ಕು ದಿನ ಹುಳಿ ಬರಿಸಿ ದೋಸೆಯ ಹಾಗೆ ಹೊಯ್ಯುವುದು. ಅಲ್ಲಿಯ ಧಾನ್ಯ ನಮ್ಮಲ್ಲಿಲ್ಲ, ಆದರೆ ಜೋಳದಲ್ಲೂ ಮಾಡುತ್ತಾರೆಂದು ಓದಿ ಖುಷಿಯಾಯಿತು. ಚಳಿಗೆ ಹುಳಿ ಬರಲಿಲ್ಲ. ಪಾತ್ರೆಗೆ ಕೌದಿ ಸುತ್ತಿ ಮೂಲೆಯಲ್ಲಿಟ್ಟೆ. ಮೂರನೆಯ ದಿನ ಕೌದಿಗೂ ಹುಳಿ ವಾಸನೆ ಹತ್ತಿತು.

ಇವತ್ತು ಬೆಳಿಗ್ಗೆ ಹಂಚು ಕಾಯಿಸಿ ಹಿಟ್ಟು ಹೊಯ್ದೆ. ಅದು ಹಂಚನ್ನು ಹಿಡಿದದ್ದು ಬಿಡಲಿಲ್ಲ. ಇನ್ನೊಂದು ಹೊಯ್ದೆ, ಅದೂ ಅದರ ಮೇಲೆಯೇ ಕೂತಿತು. ಕೆರೆದೆ. ಹೊಗೆ ಎದ್ದಿತು. ತಿರುಗಿ ನೋಡಿದರೆ ಶಾಂತಾ ಬಾಗಿಲಲ್ಲಿ ನಿಂತಿದ್ದಳು. ‘ಕುಂಡ್ರ ಹೋಗು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊಗೆ ಗಂಟಲಿಗೆ ಹೋಗಿ ಕೆಮ್ಮು ಹತ್ತಿಕೊಂಡಿತು, ಮಾತು ಹೊರಡಲಿಲ್ಲ. ಕೆಮ್ಮು ನಿಲ್ಲುವಷ್ಟರಲ್ಲಿ ಆಕೆ ಒಳಗೆ ಬಂದು ಗ್ಯಾಸ್ ಸಣ್ಣ ಮಾಡಿದ್ದಳು.

‘ಜ್ವಾಳದ ಹಿಟ್ಟು ಹುಳಿ ಬರಿಸಿ ಹಂಚಿಗೆ ಸುರೀತಾರೇನು?’

‘ಇಥಿಯೋಪಿಯಾದಾಗ ಸುರೀತಾರ,’ ಎಂದೆ.

‘ಸುರೀಲಿ. ಅವರಿಗೆ ಬರತೈತಿ. ನಿಮಗ ಬರೂದಿಲ್ಲ.’

ಮೂರು ತಿಂಗಳಲ್ಲಿ ನಾನು ಕೇಳಿದ ಮೊದಲ ಬೈಗುಳ. ನಾನು ಪಾತ್ರೆ ಹಿಡಿದುಕೊಂಡು ಹಾಗೆಯೇ ನಿಂತೆ.

‘ಆ ಹಂಚು ಇಳಸ್ರಿ. ಮ್ಯಾಲ ಇನ್ನೊಂದು ಐತಿ, ಅದನ್ನ ಇಡ್ರಿ. ಒಣಾ ಹಿಟ್ಟು ತೆಗೀರಿ, ನೀರು ಕಾಸ್ರಿ. ಹಂಗ ನೋಡಕೋತ ನಿಂದ್ರಬ್ಯಾಡ್ರಿ.’

ಹಂಚು ಇಟ್ಟೆ, ಹಿಟ್ಟು ಕೊಟ್ಟೆ, ನೀರು ಕಾಯಿಸಿದೆ. ಆಕೆ ಎಡಗೈಯಲ್ಲಿ ನಾದಿದಳು. ಬಹಳ ಹೊತ್ತು ಹಿಡಿಯಿತು. ಮೊದಲು ಬಲಗೈ ಬಡಿಯುತ್ತಿತ್ತು, ಎಡಗೈ ಅಂಚನ್ನು ತಿರುಗಿಸುತ್ತಿತ್ತು. ಈಗ ಬಡಿಯುವುದು ಎಡಗೈಗೆ ಬಂತು, ಬಲಗೈ ಸೆಟೆದುಕೊಂಡೇ ಅಂಚನ್ನು ಒಂದಿಷ್ಟು ಸರಿಸುತ್ತಿತ್ತು. ಬಡಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ನಾನು ಕೈ ಚಾಚಿದೆ. ‘ಕೈ ತಗೀರಿ’ ಎಂದಳು. ಮೊದಲನೆಯದು ಎತ್ತುವಾಗ ಎರಡು ತುಂಡಾಯಿತು. ಅದನ್ನು ಮತ್ತೆ ಉಂಡೆ ಮಾಡಿ ಮತ್ತೆ ಬಡಿದಳು. ತುಟಿ ಕಚ್ಚಿ ಹಿಡಿದಿದ್ದಳು, ಹಣೆಯಲ್ಲಿ ಬೆವರಿತ್ತು. ಈ ಸಲ ರೊಟ್ಟಿ ಹಂಚಿನ ಮೇಲೆ ಬಿದ್ದಿತು. ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿ, ಬೇಯಿಸಿ ತಾಟಿಗೆ ಹಾಕಿ ನನ್ನ ಮುಂದಿಟ್ಟಳು.

ಮುರಿದು ಬಾಯಿಗಿಟ್ಟೆ. ಆ ಹೊತ್ತಿಗೆ ಆಕೆ ಮಣ್ಣು ಕೊಟ್ಟಿದ್ದರೂ ತಿನ್ನುತ್ತಿದ್ದೆ.

‘ಚಲೋ ಆಗೈತಿ,’ ಎಂದೆ.

ಆಕೆ ಗ್ಯಾಸ್ ಆರಿಸಿ ನನ್ನ ಕಡೆಗೆ ತಿರುಗಿದಳು.

‘ಮೂರು ತಿಂಗಳ ನಾನೂ ಅದನ್ನ ಅಂದೇನಿ. ಅದು ಎಂಥಾ ಮಾತಂತ ನನಗ ಗೊತ್ತಿಲ್ಲೇನು? ಖರೆ ಹೇಳ್ರಿ.’

ನಾನು ಇನ್ನೊಂದು ತುತ್ತು ಮುರಿದು ನಿಧಾನವಾಗಿ ಅಗಿದೆ.

‘ನಡುವ ದಪ್ಪ ಆಗೈತಿ,’ ಎಂದೆ. ‘ಅಂಚು ಬೆಂದಿಲ್ಲ. ಒಂದ ಕಡೆ ಹೊತ್ತೈತಿ.’

‘ಹಾಂ,’ ಎಂದಳು ಶಾಂತಾ. ಗ್ಯಾಸ್ ಹಚ್ಚಿ, ಪರಾತದಿಂದ ಇನ್ನೊಂದು ಉಂಡೆ ತೆಗೆದುಕೊಂಡಳು. ‘ಏಳಬ್ಯಾಡ್ರಿ, ಕುಂಡ್ರಿ. ಇನ್ನೊಂದ ಹಾಕತೀನಿ.’

ಎರಡನೆಯದರ ಅಂಚೂ ಬೆಂದಿರಲಿಲ್ಲ. ಹೇಳಿದೆ.